ಬದಲಿ ಇಟ್ಟ ಗುಳಿಗೆ

ನನ್ನ ಮೊಮ್ಮಗಳಿಗೆ ಗುಳಿಗೆ ಹತ್ತಲಿಲ್ಲ ಎನ್ನುವುದು ಸುಳ್ಳು. ಹತ್ತಿತ್ತು. ಅವಳ ಗುಳಿಗೆಯನ್ನು ನಾನು ನುಂಗಿದೆ, ನನ್ನ ಗುಳಿಗೆಯನ್ನು ಅವಳು ನುಂಗುವ ಹಾಗೆ ಮಾಡಿದೆ. ಆದದ್ದು ಇಷ್ಟೇ. ಉಳಿದದ್ದೆಲ್ಲ ಇದರ ಮೇಲೆ ಬೆಳೆದದ್ದು.

ಇದರಲ್ಲಿ ಅರ್ಧ ಅವಳಿಗೆ ಹೇಳಿದ್ದೇನೆ. ಹೋದ ವಾರ ಹೇಳಿದೆ. ಹೊಲಿಗೆ ಮಶಿನ್ನು ನಿಲ್ಲಿಸಿ ಕೇಳಿದಳು. ಕೇಳಿ, "ನಿನಗೇನ ಗೊತ್ತಿತ್ತು ಬೇ ಆಯಿ, ನೀ ಏನ ಓದಿದಾಕಿ ಅಲ್ಲ," ಅಂದಳು. ಮತ್ತೆ ಮಶಿನ್ನು ತುಳಿಯತೊಡಗಿದಳು. ಅಷ್ಟಕ್ಕೇ ನನ್ನನ್ನು ಬಿಟ್ಟುಬಿಟ್ಟಳು. ನಾಲ್ಕನೇ ಇಯತ್ತೆ ಓದಿದ ಮುದುಕಿ, ಯಾವ ಗುಳಿಗೆ ಯಾವುದಕ್ಕೆ ಎಂದು ಇವಳಿಗೇನು ತಿಳಿದೀತು — ಹಾಗೆಂದುಕೊಂಡು ಮಾಫಿ ಕೊಟ್ಟಳು. ನಾನು "ಹೂಂ" ಅಂದೆ. ಆ ಹೂಂ ಕೂಡ ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಬರಹವನ್ನು ಓದಿ ತಿದ್ದುವವಳು ಈ ಮನೆಯಲ್ಲಿ ಅವಳೊಬ್ಬಳೇ. ನಿಮ್ಮ ಕೈಗೆ ಬರುವ ಮೊದಲು ಅವಳು ಇದನ್ನು ಓದಿರುತ್ತಾಳೆ.

ಅವಳ ಹೆಸರು ಭಾಗ್ಯಶ್ರೀ. ನಾವು ಭಾಗಿ ಅನ್ನುತ್ತೇವೆ. ನನ್ನ ಮಗನ ಮಗಳು. ನಮ್ಮ ಊರು ಕಳ್ಳಕವಟಗಿ. ಮಗ, ಸೊಸೆ ಬೆಳಕು ಹರಿದರೆ ದ್ರಾಕ್ಷಿ ತೋಟಕ್ಕೆ ಹೋಗುವವರು. ಹುಡುಗಿ ನನ್ನ ಮಗ್ಗುಲಲ್ಲೇ ಬೆಳೆದಳು. ಸಣ್ಣಾಕಿ ಇದ್ದಾಗಲೇ ಮನೆಗೆ ಯಾರಾದರೂ ಬಂದರೆ ಜೋಳದ ಚೀಲಗಳ ಹಿಂದೆ ಹೋಗಿ ಕೂರುತ್ತಿದ್ದಳು. ಚಹಾಪುಡಿ ತರಲು ಅಂಗಡಿಗೆ ಕಳಿಸಿದರೆ, ಅಲ್ಲಿದ್ದ ಮಂದಿಯೆಲ್ಲ ಹೋಗುವವರೆಗೂ ಗೋಡೆಗೆ ಆತು ನಿಂತು, ಮಂದಿ ಹೋಗದಿದ್ದರೆ ಬರಿಗೈಯಲ್ಲಿ ಮರಳಿ ಬರುತ್ತಿದ್ದಳು. ನಾನು ಬೈಯುತ್ತಿದ್ದೆ. "ಬಾಯಾಗ ಏನ ಮಣ್ಣಿನ ಹೆಂಟಿ ಇಟಗೊಂಡಿ ಏನ ಲೇ? ಪುಡಿ ಕೊಡ್ರಿ ಅನ್ನಾಕ ಏನ ಆಕ್ಕೈತಿ ನಿನಗ?" ಚಿವುಟಿದ್ದೂ ಉಂಟು. ಅವಳು ಅಳುತ್ತಿರಲಿಲ್ಲ. ಅತ್ತರೆ ಮಂದಿ ನೋಡುತ್ತಾರಲ್ಲ.

ಓದಿನಲ್ಲಿ ಮಾತ್ರ ಚುರುಕು. ಲೆಕ್ಕ ಅಂದರೆ ಜೀವ. ಓಣಿಯ ಮಕ್ಕಳನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಆಗ ಅವಳ ಧ್ವನಿ ಕೇಳಬೇಕಿತ್ತು ನೀವು. ಆದರೆ ಆ ಮಕ್ಕಳ ಅವ್ವನೋ ಅಪ್ಪನೋ ಬಂದು ಬಾಗಿಲಲ್ಲಿ ನಿಂತರೆ — ಅಲ್ಲಿಗೇ ನಿಲ್ಲುತ್ತಿತ್ತು, ಹೇಳುತ್ತಿದ್ದ ಲೆಕ್ಕ ಅರ್ಧಕ್ಕೇ.

ಅಂಥವಳು ಮಾಸ್ತರತಿ ಆಗುತ್ತೇನೆ ಅಂದಳು. ನಾನು ನಕ್ಕೆ. ಆದರೂ ಡಿಗ್ರಿ ಮುಗಿಸಿ ವಿಜಯಪುರದಲ್ಲಿ ಬಿ.ಎಡ್‌ಗೆ ಸೇರಿದಳು. ಊರಿನಿಂದ ತಿಕೋಟಾ, ತಿಕೋಟಾದಿಂದ ವಿಜಯಪುರ, ದಿನಾ ಬಸ್ಸು. ಒಂದು ದಿನ ಜೋಳ ಕೇರುತ್ತ ಕೂತಿದ್ದೆ. ಎದುರಿಗೆ ಬಂದು ಕೂತಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ತನ್ನ ಹೆಸರು ಬಂದರೆ ಧ್ವನಿ ಹೊರಡುವುದಿಲ್ಲವೆಂದೂ, ಕೂತಲ್ಲೇ ಕೂತಿದ್ದರೂ ಗೈರುಹಾಜರಿ ಬೀಳುತ್ತದೆಂದೂ, ಅಲ್ಲಿನ ಒಬ್ಬ ಮೇಡಮ್ಮರು ಇದನ್ನು ಗಮನಿಸಿ, ಇದು ಸ್ವಭಾವ ಅಲ್ಲ, ಜಡ್ಡು, ಇದಕ್ಕೆ ಔಷಧ ಇದೆ ಅಂದರೆಂದೂ ಹೇಳಿದಳು. ದವಾಖಾನೆಗೆ ನನ್ನ ಜೊತೆ ಬಾ ಅಂದಳು.

"ಅಪ್ಪಗ ಹೇಳಬ್ಯಾಡ ಬೇ ಆಯಿ. ಅವ್ವಗೂ ಬ್ಯಾಡ. ನಿನಗಷ್ಟ ಹೇಳಾಕತ್ತೇನಿ."

ನನಗಷ್ಟೇ ಹೇಳಿದಳು. ಇದನ್ನು ನೆನಪಿಡಿ.

ವಿಜಯಪುರದಲ್ಲಿ ಮನಸ್ಸಿನ ಡಾಕ್ಟರ ದವಾಖಾನೆಗೆ ಹೋದೆವು. ಹುಚ್ಚರೇ ಕೂತಿರುತ್ತಾರೆ ಅಂದುಕೊಂಡಿದ್ದೆ. ಅಲ್ಲಿ ಕೂತವರು ನಮ್ಮ ಬಸ್ಸಿನಲ್ಲಿ ಬರುವಂಥವರೇ. ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯ ಮಾತು. ಭಾಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಮಂದಿ ಮುಂದ ಮಾತಾಡು ಅಂದ್ರ ಮೊದಲ ಏನಾಗತೈತವ್ವಾ?"

"ಎದಿ ಬಡೀತೈತ್ರಿ. ಕೈ ನಡಗತಾವ. ಎಲ್ಲಾರೂ ನನ್ನ ಕೈನ ನೋಡಾಕತ್ತಾರ ಅನಸತೈತಿ. ಆಮ್ಯಾಲ ಧ್ವನಿ ಬರೂದಿಲ್ರಿ."

"ಮಾತಾಡೂ ದಿನಾ ಅಷ್ಟ ಆಗತೈತೋ, ಅದಕ್ಕೂ ಮೊದಲಿಂದ ಆಗತೈತೋ?"

"ನಾಕ ದಿನಾ ಮೊದಲ ಹೊಟ್ಟಿ ತೊಳಸಾಕ ಚಾಲೂ ಆಗತೈತ್ರಿ. ಮುಗದ ಮ್ಯಾಲೂ ಬಿಡೂದಿಲ್ಲ. ನಾ ಹೆಂಗ ನಿಂತಿದ್ದೆ, ಯಾರ ನಕ್ಕರು ಅಂತ — ಅದ ತಲ್ಯಾಗ ತಿರಗತಿರತೈತ್ರಿ."

ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಹೇಳಿದ ಒಂದೊಂದೂ ನನ್ನದು. ಒಂದೂ ಬಿಡದೆ ನನ್ನದು.

ನನ್ನ ತವರು ನಿಡೋಣಿ. ನಮ್ಮ ಕಡೆ ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟಬೇಕಾದರೆ ಗಂಡನ ಹೆಸರು ಹೇಳಬೇಕು. ಬರಿದೇ ಹೆಸರಲ್ಲ, ಒಡಪು ಕಟ್ಟಿ, ಪ್ರಾಸ ಕೂಡಿಸಿ, ಬಾಗಿಲಿಗೆ ಅಡ್ಡ ನಿಂತ ಹೆಂಗಸರಿಗೆಲ್ಲ ಕೇಳುವ ಹಾಗೆ. ನನ್ನ ಅವ್ವ ಒಂದು ಒಡಪು ಕಲಿಸಿ ಕಳಿಸಿದ್ದಳು. ಹೊಸ್ತಿಲಲ್ಲಿ ನಿಂತಾಗ ಅದು ಹೋಯಿತು. ಒಡಪಷ್ಟೇ ಅಲ್ಲ, ಗಂಡನ ಹೆಸರೇ ಹೋಯಿತು. ಹೆಂಗಸರು ಕಾಯುತ್ತ ನಿಂತರು. ನನ್ನ ನಾದಿನಿ, "ಏನವ್ವಾ, ನಿಡೋಣ್ಯಾಗ ಮೂಕರ ಸಂತಿ ಕೂಡತೈತೇನ?" ಅಂದಳು. ಎಲ್ಲರೂ ನಕ್ಕರು. ಕೊನೆಗೆ ಅತ್ತೆ ಬಂದು ಕರುವನ್ನು ಎಳೆದುಕೊಳ್ಳುವ ಹಾಗೆ ನನ್ನನ್ನು ಒಳಗೆ ಎಳೆದುಕೊಂಡಳು. ಆ ಮೇಲೆ ನಾನು ಒಂದು ಕಲಿತೆ. ಮಂದಿ ನನ್ನ ಮಾತಿಗಾಗಿ ಕಾಯುವ ಮೊದಲೇ ನಾನು ಅವರ ಮೇಲೆ ಹೋಗುವುದು. ಬೈಯುವಾಗ ಎದೆ ಬಡಿಯುವುದಿಲ್ಲ, ಯಾಕೆಂದರೆ ಬೈಗುಳಕ್ಕಾಗಿ ಯಾರೂ ಕಾಯುತ್ತಿರುವುದಿಲ್ಲ. ಹೀಗೆ ಬೈದು ಬೈದು ಊರಲ್ಲಿ ಗಟ್ಟಿ ಹೆಣ್ಣುಮಗಳು ಅನ್ನಿಸಿಕೊಂಡೆ. ಆದರೆ ಮಂದಿ ಸುಮ್ಮನಾಗಿ, ನನ್ನ ಕಡೆ ತಿರುಗಿ, "ಹೇಳವ್ವಾ" ಅಂದರೆ — ಇವತ್ತಿಗೂ ಅದೇ ಹೊಸ್ತಿಲು.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹುಡುಗಿಯನ್ನು ಚಿವುಟಿದ್ದೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಆಯೀ, ನಿಮ್ಮ ಮನ್ಯಾಗ ಮತ್ತ ಯಾರಿಗರೆ ಹಿಂಗ ಐತೇನ್ರಿ? ಇಲ್ಲಾ ಮೊದಲ ಇತ್ತೇನ?"

"ಇಲ್ರಿ," ಅಂದೆ. "ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ."

ಭಾಗಿ ತಲೆ ಕೆಳಗೆ ಹಾಕಿದಳು. ಆ ಹೊತ್ತಿಗೆ ನಾನು "ನನಗೂ ಐತ್ರಿ" ಅಂದಿದ್ದರೆ ನನಗೂ ಒಂದು ಚೀಟಿ ಬರೆದುಕೊಡುತ್ತಿದ್ದರು. ಯಾರದ್ದೂ ಕದಿಯಬೇಕಾಗಿರಲಿಲ್ಲ. ಅನ್ನಲಿಲ್ಲ.

ಎರಡು ತರಹದ ಗುಳಿಗೆ ಕೊಟ್ಟರು. ಒಂದು ದಿನಾ ಊಟವಾದ ಮೇಲೆ. ಅದು ಹತ್ತಲು ಕೆಲವು ವಾರ ಬೇಕು, ತಾನಾಗಿ ಬಿಡಬಾರದು ಅಂದರು. ಇನ್ನೊಂದು ಸಣ್ಣದು, ಬಿಳಿಯದು. ಪಾಠ, ಪರೀಕ್ಷೆ ಅಂಥದ್ದೇನಾದರೂ ಇದ್ದ ದಿನ ಮಾತ್ರ, ಒಂದು ತಾಸು ಮೊದಲು. ಎದೆ ಬಡಿಯುವುದನ್ನು, ಕೈ ನಡುಗುವುದನ್ನು ಅದು ತಡೆಯುತ್ತದೆ. ಬರೀ ಗುಳಿಗೆ ನುಂಗಿ ಕೂತರೆ ಆಗದು, ದಿನಾ ಸ್ವಲ್ಪ ಸ್ವಲ್ಪ ಮಾತಾಡಿ ರೂಢಿ ಮಾಡಿಕೊಳ್ಳಬೇಕು ಅಂದರು — ಮೊದಲು ಕಂಡಕ್ಟರ್ ಜೊತೆ, ಆಮೇಲೆ ಅಂಗಡಿಯಲ್ಲಿ, ಆಮೇಲೆ ತರಗತಿಯಲ್ಲಿ.

ಬಸ್ಸಿನಲ್ಲಿ ಕೇಳಿದೆ. "ಇದು ಹುಚ್ಚಿನ ಗುಳಗಿ ಏನ ಲೇ?"

"ಅಲ್ಲ ಬೇ ಆಯಿ. ಈ ಸಣ್ಣದು ಬಿಪಿ ಇದ್ದವರಿಗೂ ಕೊಡ್ತಾರಂತ. ನಿನ್ನ ಗುಳಗಿ ಇದ್ದಂಗ ಅಂತ ತಿಳಕೊ."

ನಾನು ಹೆದರಬಾರದು ಅಂತ ಹೇಳಿದ ಮಾತು ಅದು. ನಾನು ಅದನ್ನೇ ಹಿಡಿದುಕೊಂಡೆ. ನನಗೆ ಬಿಪಿ ಇದೆ. ನನ್ನ ಗುಳಿಗೆಯೂ ಸಣ್ಣದು, ಬಿಳಿಯದು.

ಅವಳಿಗೆ ಹತ್ತಿತು. ಒಮ್ಮೆಲೇ ಅಲ್ಲ. ಮೊದಮೊದಲು ಬಾಯಿ ಒಣಗುತ್ತದೆ, ಊಟ ಸೇರುವುದಿಲ್ಲ ಅನ್ನುತ್ತಿದ್ದಳು. ಆಮೇಲೆ ಕಂಡಕ್ಟರನಿಗೆ ಊರ ಹೆಸರು ಹೇಳಿ ತಿಕೀಟು ತೆಗೆದುಕೊಂಡಳು. ಅದಕ್ಕೆ ಮೊದಲು ಬಸ್‌ಪಾಸು ಇಲ್ಲದ ದಿನ ಪಕ್ಕದವರಿಂದ ಹೇಳಿಸುತ್ತಿದ್ದವಳು. ಹಾಜರಿಗೆ ಉತ್ತರ ಕೊಟ್ಟಳು. ಶಾಲೆಗೆ ಹೋಗಿ ಅಭ್ಯಾಸದ ಪಾಠ ಮಾಡಿದಳು. ಬಂದು ಹೇಳಿದಳು: "ಆಯಿ, ಇವತ್ತ ನನ್ನ ಧ್ವನಿ ಹಿಂದಿನ ಬೆಂಚಿಗೂ ಕೇಳತಂತ." ನಾನು ಚಲೋ ಆಯಿತು ಅನ್ನಲಿಲ್ಲ. "ಹಂಗಾರ ಚಹಾಪುಡಿ ನೀನ ತೊಗೊಂಡ ಬಾ" ಅಂದೆ. ಹೋದಳು. ತಂದಳು. ಹಳೇ ಪುಡಿ ಕೊಟ್ಟಿದ್ದನಂತೆ, ಬದಲಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಅದನ್ನು ಎತ್ತಿ ತೋರಿಸಿದಳು.

ಸಣ್ಣ ಗುಳಿಗೆಗಳನ್ನು ಅವಳು ಪಟ್ಟಿಯಿಂದ ಒಡೆದು ಖಾಲಿ ಕಾಡಿಗೆ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಪಟ್ಟಿಯ ಮೇಲೆ ಹೆಸರಿರುತ್ತದೆ. ಮನೆಗೆ ಬಂದುಹೋಗುವ ಹುಡುಗಿಯರು ಹೆಸರು ಕಂಡರೆ ಫೋನಿನಲ್ಲಿ ಹಾಕಿ ನೋಡಿಬಿಡುತ್ತಾರೆ, ಯಾವುದಕ್ಕೆ ಎಂದು ತಿಳಿದುಬಿಡುತ್ತದೆ. ಡಬ್ಬಿ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ನನ್ನ ಮುಂದೆಯೇ ಇಡುತ್ತಿದ್ದಳು. ನನ್ನಿಂದ ಮುಚ್ಚಿಡಬೇಕು ಅಂತ ಅವಳಿಗೆ ಅನಿಸಲಿಲ್ಲ.

ನಾನು ಊರ ಮಹಿಳಾ ಸಂಘದ ಅಧ್ಯಕ್ಷೆ. ಬಾಯಿ ಜೋರು ಅಂತ ಮಾಡಿದ್ದರು. ಮೀಟಿಂಗುಗಳಲ್ಲಿ ಮಾತಾಡುವುದು ಮಾತ್ರ ಕಾರ್ಯದರ್ಶಿ ಕಸ್ತೂರಿ. ನನಗೆ ಮಂಡಿನೋವು, ನನಗೆ ಕೆಮ್ಮು, ನನಗೆ ತೋಟದಲ್ಲಿ ಕೆಲಸ. ಒಮ್ಮೆ ತಿಕೋಟಾದಲ್ಲಿ ಸುತ್ತಿನ ಸಂಘಗಳ ಸಭೆ ಇಟ್ಟರು. ಕಸ್ತೂರಿ ಬಂದು ಹೇಳಿದಳು.

"ಈ ಸಲ ನಾ ಮಾತಾಡೂದಿಲ್ಲ ನೀಲವ್ವಾಯಿ. ಅಧ್ಯಕ್ಷರ ಮಾತಾಡಬೇಕು ಅಂತ ಸಾಹೇಬ್ರು ಹೇಳ್ಯಾರ."

"ನನಗ ಮಂಡಿನೋವು."

"ಮಂಡೀಲೆ ಮಾತಾಡ್ತೀ ಏನ? ಊರಾಗಿನ ಗಂಡಸರಿಗೆಲ್ಲಾ ನೀರಿಳಸ್ತಿ, ಮೈಕಿಗೇನ ಹಲ್ಲ ಅದಾವೇನ, ಕಚ್ಚಾಕ?"

ನಾಲ್ಕು ದಿನ ಮೊದಲು ಹೊಟ್ಟೆ ತೊಳೆಸಲು ಶುರುವಾಯಿತು. ಸಭೆಯ ದಿನ ಬೆಳಿಗ್ಗೆ ಭಾಗಿ ನೀರು ತರಲು ಹೋಗಿದ್ದಳು. ಡಬ್ಬಿ ತೆಗೆದೆ. ಒಂದು ಗುಳಿಗೆ ತೆಗೆದುಕೊಂಡೆ. ತೆಗೆದ ಜಾಗದಲ್ಲಿ ನನ್ನದೊಂದು ಹಾಕಿದೆ.

ಇದನ್ನು ಯಾಕೆ ಮಾಡಿದೆ ಎಂದರೆ — ನಮ್ಮಲ್ಲಿ ನೆರೆಮನೆಯ ಬಟ್ಟಲನ್ನು ಬರಿದಾಗಿ ಮರಳಿಸುವುದಿಲ್ಲ. ಅವರು ಪಲ್ಯ ಕೊಟ್ಟಿದ್ದರೆ, ತೊಳೆದ ಬಟ್ಟಲಲ್ಲಿ ಒಂದು ಹಿಡಿ ಶೇಂಗಾನೋ ತುಸು ಬೆಲ್ಲವೋ ಹಾಕಿ ಕೊಡುತ್ತೇವೆ. ಅದು ಕೈಗೆ ಬಂದ ರೂಢಿ. ಆ ರೂಢಿಯಲ್ಲೇ ಹಾಕಿದೆ. ಅದೂ ಬಿಪಿ ಗುಳಿಗೆ, ಇದೂ ಬಿಪಿ ಗುಳಿಗೆ, ಒಂದು ತೆಗೆದೆ, ಒಂದು ಇಟ್ಟೆ, ಕದ್ದಂತಾಗಲಿಲ್ಲ. ಹಾಗೆ ಅನಿಸಿತ್ತು. ಎಣಿಸಿದರೆ ಕಡಿಮೆ ಬೀಳಬಾರದು ಎಂಬುದೂ ಇತ್ತು. ಯಾವುದು ಎಷ್ಟಿತ್ತು — ಅದನ್ನು ಈಗ ತೂಗಿ ಹೇಳಲಾರೆ.

ತಿಕೋಟಾದಲ್ಲಿ ಮೈಕು ಕೊಟ್ಟರು. ಮಂದಿ ಸುಮ್ಮನಾದರು, ನನ್ನ ಕಡೆ ತಿರುಗಿದರು. ನಾನು ಕಾದೆ — ಈಗ ಬಡಿಯುತ್ತದೆ, ಈಗ ಬಡಿಯುತ್ತದೆ ಎಂದು. ಬಡಿಯಲಿಲ್ಲ. ಎದೆ ಇದೆಯೋ ಇಲ್ಲವೋ ಅನ್ನುವಷ್ಟು ಸುಮ್ಮನಿತ್ತು. ಬ್ಯಾಂಕಿನವರು ನಮ್ಮನ್ನು ಹೇಗೆ ಬಿಸಿಲಲ್ಲಿ ನಿಲ್ಲಿಸುತ್ತಾರೆ, ಹೆಬ್ಬೆಟ್ಟಿನವರು ಅಂತ ತಿಳಿದು ಅಂಕಿಯನ್ನೇ ಓದಿ ಹೇಳುವುದಿಲ್ಲ, ಅದನ್ನು ನಮ್ಮ ಓಣಿಯಲ್ಲಿ ಹೇಳುವ ಹಾಗೇ ಹೇಳಿದೆ. ಮಂದಿ ನಕ್ಕರು. ಈ ನಗೆ ಬೇರೆ. ಚಪ್ಪಾಳೆ ಹೊಡೆದರು.

ಟಂಟಂ ಗಾಡಿಯಲ್ಲಿ ಮರಳಿ ಬರುವಾಗ ಕಸ್ತೂರಿ, "ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿ ಬೇ ಈ ಬಾಯಿ?" ಅಂದಳು.

"ಎಲಿ ಅಡಿಕಿ ತುಂಬಿತ್ತು," ಅಂದೆ.

ಗಾಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಂಥ ದಿನ ನನ್ನ ಜನ್ಮದಲ್ಲಿ ಇರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಎಷ್ಟು ಸಲ ತೆಗೆದೆ, ಗೊತ್ತಿಲ್ಲ. ಸಭೆ ಇದ್ದಾಗ ತೆಗೆದೆ. ಬೀಗರ ಮನೆಯ ಕಾರ್ಯಕ್ಕೆ ಹೋಗುವಾಗ ತೆಗೆದೆ. ಕೊನೆಕೊನೆಗೆ ಪಂಚಾಯಿತಿಗೆ ಹೋಗುವುದಿದ್ದರೂ ತೆಗೆದೆ. ಪ್ರತಿ ಸಲವೂ ಒಂದು ಇಟ್ಟೆ. ಡಬ್ಬಿ ಯಾವಾಗಲೂ ತುಂಬಿಯೇ ಇರುತ್ತಿತ್ತು. ಭಾಗಿ ವಾರದಲ್ಲಿ ಒಂದೋ ಎರಡೋ ಪಾಠಕ್ಕೆ ಮಾತ್ರ ಅದನ್ನು ನುಂಗುತ್ತಿದ್ದಳು, ಗಡಿಬಿಡಿಯಲ್ಲಿ, ಬಸ್ಸು ಹಿಡಿಯುವ ಮೊದಲು, ನೋಡದೆ.

ಒಂದು ದಿನ ಪಾಠ ಮುಗಿಸಿ ಬಂದು ಹೇಳಿದಳು. "ಇವತ್ತ ಗುಳಗಿ ಯಾಕೋ ಹತ್ತಲಿಲ್ಲ ಬೇ ಆಯಿ. ಎದಿ ನಿಲ್ಲಲೇ ಇಲ್ಲ."

"ಹಸದ ಹೊಟ್ಟೀಲೆ ನುಂಗಿರ್ತಿ."

"ಇಲ್ಲ, ರೊಟ್ಟಿ ತಿಂದಿದ್ದೆ."

"ಹಂಗಾರ ಬಾಳ ತಿಂದಿರ್ತಿ."

ಅವಳು ನಕ್ಕಳು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ದಿನ ಒಂದು ಸಣ್ಣ ಅನುಮಾನ ಬಂದಿತ್ತು ಕೂಡ. ಆದರೆ ಅಷ್ಟರಲ್ಲಿ ಬಬಲೇಶ್ವರದ ದೊಡ್ಡ ಸಭೆಗೆ ನನ್ನ ಹೆಸರು ಹೋಗಿತ್ತು. ನಿಡೋಣಿಯ ಹೆಂಗಸರೂ ಬರುತ್ತಾರೆ ಅಂದಿದ್ದರು. ನನ್ನ ತವರಿನವರು — ಆ ಅನುಮಾನವನ್ನು ಪಕ್ಕಕ್ಕೆ ಸರಿಸಿದೆ.

ಬಬಲೇಶ್ವರದ ಸಭೆಯ ಹಿಂದಿನ ದಿನವೇ ಭಾಗಿಯ ಕಡೆಯ ಪಾಠ. ಹೊರಗಿನಿಂದ ಪರೀಕ್ಷಕರು ಬಂದು, ತರಗತಿಯ ಹಿಂದೆ ಕೂತು ನೋಡುತ್ತಾರೆ, ಅದರ ಮೇಲೆ ಅಂಕ. ಮೊನ್ನೆ ಒಂದು ನುಂಗಿದ್ದು ಹತ್ತಿರಲಿಲ್ಲವಲ್ಲ, ಆ ದಿನ ಅವಳು ಎರಡು ನುಂಗಿದಳು. ಅಷ್ಟರಲ್ಲಿ ಡಬ್ಬಿಯಲ್ಲಿ ಹೆಚ್ಚಿನವು ನನ್ನವೇ.

ಮುಂದಿನದನ್ನು ಅವಳು ಹೇಳಿದ ಹಾಗೇ ಹೇಳುತ್ತೇನೆ. ಶಾಲೆಗೆ ಹೋಗುವವರೆಗೂ ಅರಾಮ ಇದ್ದಳು. ತರಗತಿಯೊಳಗೆ ಹೋದಳು. ಬೋರ್ಡಿನ ಮೇಲೆ 'ಭಿನ್ನರಾಶಿ' ಅಂತ ಬರೆದಳು. ಬರೆಯುವಾಗಲೇ ಮುಖದ ಮೇಲೆ ಯಾರೋ ಕಾದ ಹಂಚು ಹಿಡಿದ ಹಾಗಾಯಿತು. ಕಿವಿ, ಕೊರಳು ಎಲ್ಲ ಬಿಸಿ. ಎದೆ ಬಡಿಯಲು ಶುರುವಾಯಿತು. ಮೊದಲು ಬಡಿಯುತ್ತಿದ್ದುದಕ್ಕಿಂತ ಜೋರು. ಮುಖ ಕೆಂಪಾಗಿದೆ, ತಿರುಗಿದರೆ ಎಲ್ಲರಿಗೂ ಕಾಣುತ್ತದೆ ಅನಿಸಿತು. ಬೋರ್ಡಿನ ಕಡೆ ಮುಖ ಮಾಡಿ ನಿಂತವಳು ತಿರುಗಲಿಲ್ಲ. ಪರೀಕ್ಷಕರು, "ಶುರು ಮಾಡ್ರಿ," ಅಂದರು. ಮಕ್ಕಳು ಕಾಯುತ್ತ ಕೂತವು. ಮೇಡಮ್ಮರು ಬಂದು ಹೆಗಲು ಮುಟ್ಟಿ ಹೊರಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೂ ಅವಳು ಬೋರ್ಡನ್ನೇ ನೋಡುತ್ತಿದ್ದಳು.

ಸಂಜೆ ಬಸ್ಸಿಗೆ ಬಂದಳು. ಮುಖ ತೊಳೆದಳು. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಬಂದು ಎದುರಿಗೆ ಕೂತು ಇದೆಲ್ಲವನ್ನೂ ಹೇಳಿದಳು. ಅಳಲಿಲ್ಲ.

ಮುಖದ ಮೇಲೆ ಕಾದ ಹಂಚು ಅಂದಳಲ್ಲ — ಆಗ ನನ್ನ ಕೈ ನಿಂತಿತು. ನನಗೆ ಬಿಪಿ ಗುಳಿಗೆ ಹೊಸದಾಗಿ ಶುರು ಮಾಡಿದಾಗ ನನಗೂ ಅದೇ ಆಗಿತ್ತು. ಮುಖ ಉರಿ, ಎದೆ ಬಡಿತ. ಹೆದರಿ ಮತ್ತೆ ತಿಕೋಟಾಕ್ಕೆ ಹೋಗಿ ತೋರಿಸಿದ್ದೆ. "ಗುಳಗೀದ ಆಯಿ, ಕೆಲವರಿಗೆ ಹಂಗ ಆಗತೈತಿ, ರೂಢಿ ಆದ ಮ್ಯಾಲ ಹೋಗತೈತಿ," ಅಂದಿದ್ದರು ಅಲ್ಲಿನ ಡಾಕ್ಟರು. ಮರೆತಿರಲಿಲ್ಲ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮಾತು ಮುಗಿಸುವ ಮೊದಲೇ ನನಗೆ ಗೊತ್ತಾಗಿತ್ತು.

ಓದಿದವಳಲ್ಲ ನಾನು, ನಿಜ. ಆದರೆ ಇದಕ್ಕೆ ಓದು ಬೇಕಾಗಿರಲಿಲ್ಲ ಭಾಗಿ.

"ಗುಳಗಿನೂ ನನಗ ಹತ್ತಲಿಲ್ಲ ಬೇ ಆಯಿ," ಅಂದಳು. "ನಂದು ವಾಸಿ ಆಗೂ ಜಡ್ಡ ಅಲ್ಲ ಕಾಣತೈತಿ."

ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಸಣ್ಣ ಮಾತು. 'ಅದು ನಿನ್ನ ಗುಳಗಿ ಅಲ್ಲ.' ಇಷ್ಟೇ. ಅಡಿಗೆಮನೆಯಲ್ಲಿ ನಾವಿಬ್ಬರೇ. ಮೈಕು ಇರಲಿಲ್ಲ, ಮಂದಿ ಇರಲಿಲ್ಲ. ಎದೆಯೂ ಬಡಿಯುತ್ತಿರಲಿಲ್ಲ. ನನ್ನ ಅಂಜಿಕೆಯಿಂದ ಬಾಯಿ ಕಟ್ಟಿತು ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಬಾಯಿ ಕಟ್ಟಲಿಲ್ಲ. ಬಾಯಿ ತೆರೆದು, ಸ್ಪಷ್ಟವಾಗಿ, ಇದನ್ನು ಅಂದೆ:

"ಗುಳಗೀಲೆ ಎಲ್ಲಿ ಧೈರ್ಯಾ ಬರತೈತಿ ಲೇ? ಬಿಟ್ಟ ಬಿಡು."

ನಾನು ಮತ್ತೆ ಹಿಟ್ಟು ನಾದತೊಡಗಿದೆ. ಅವಳು ಎದ್ದು ಹೋಗಿ ಡಬ್ಬಿ ತಂದು ನನ್ನ ಪಕ್ಕದಲ್ಲಿಟ್ಟಳು. "ನೀನ ಒಲಿಗೆ ಹಾಕು," ಅಂದಳು. ಡಾಕ್ಟರ ಹತ್ತಿರ ಮತ್ತೆ ಹೋಗಬೇಕಾದ ದಿನ ಹತ್ತಿರವಿತ್ತು. "ಹೋಗೂದಿಲ್ಲ," ಅಂದಳು. ನನಗೆ ಹಗುರಾಯಿತು. ಹೋಗಿದ್ದರೆ ಅವರು ಡಬ್ಬಿ ತೆಗೆದು ನೋಡುತ್ತಿದ್ದರು.

ಅವಳಪ್ಪ ತೋಟದಿಂದ ಬಂದವನು, "ಇನ್ನೊಮ್ಮಿ ಕುಂದರವ್ವಾ ಪರೀಕ್ಷಾಕ, ಅದಕ್ಕೇನಾತು," ಅಂದ. ಮೇಡಮ್ಮರೂ ಫೋನು ಮಾಡಿ ಅದನ್ನೇ ಹೇಳಿದರು. ಅವಳು ಕೂರಲಿಲ್ಲ. ದಿನಾ ನುಂಗುವ ಗುಳಿಗೆಯನ್ನೂ ಬಿಟ್ಟಳು, ಒಮ್ಮೆಲೇ. ತಲೆ ತಿರುಗುತ್ತದೆ ಅಂತ ಕೆಲವು ದಿನ ಮಲಗಿದ್ದಳು. ನಾನು ಗಂಜಿ ಮಾಡಿ ಕೊಟ್ಟೆ. ಎದ್ದ ಮೇಲೆ ಹೊರಗೆ ಹೋಗುವುದು ಕಡಿಮೆಯಾಗುತ್ತ ಬಂತು. ಕಂಡಕ್ಟರ್ ಹೋದ, ಅಂಗಡಿ ಹೋಯಿತು, ಹಿತ್ತಿಲ ಕಟ್ಟೆಗೆ ಬರುತ್ತಿದ್ದ ಮಕ್ಕಳೂ ಹೋದರು.

ಇದಾಗಿ ವರ್ಷಗಳಾದವು. ಈಗ ಒಳಕೋಣೆಯಲ್ಲಿ ಕೂತು ಜಂಪರು ಹೊಲಿಯುತ್ತಾಳೆ. ಅಳತೆ ಜಂಪರು, ಬಟ್ಟೆ ಎಲ್ಲ ನಾನು ಬಾಗಿಲಲ್ಲಿ ಇಸಿದುಕೊಳ್ಳುತ್ತೇನೆ. ತೋಳು ಎಷ್ಟು, ಕೊರಳು ಎಷ್ಟು ಎಂದು ಕೇಳಿ ಒಳಗೆ ಹೇಳುತ್ತೇನೆ. ಅವಳ ಬಾಯಿ ನಾನು. ಹೋದ ತಿಂಗಳು ಆಶಾ ಕಾರ್ಯಕರ್ತೆ ಬಂದಿದ್ದಳು. ತಾಲೂಕು ದವಾಖಾನೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಭಾಗಿಯನ್ನು ಕರೆದುಕೊಂಡು ಬರ್ರಿ ಅಂದಳು. ಒಳಗಿನಿಂದ ಭಾಗಿಯ ಧ್ವನಿ ಬಂತು.

"ನನಗ ಗುಳಗಿ ಹತ್ತೂದಿಲ್ರಿ."

ದುಃಖದಿಂದ ಅಂದದ್ದಲ್ಲ. ನನ್ನ ಎತ್ತರ ಇಷ್ಟು, ನನ್ನ ತೂಕ ಇಷ್ಟು ಅನ್ನುವ ಹಾಗೆ ಅಂದಳು. ಆಶಾ ಬರೆದುಕೊಂಡು ಹೋದಳು. ಅದನ್ನು ಕೇಳಿದ ಮೇಲೆ ನನಗೆ — ಏನಾಯಿತು ಅಂತ ಹೇಳಲಿ, ಏನೂ ಆಗಲಿಲ್ಲ. ರೊಟ್ಟಿ ಬಡಿದೆ. ಊಟ ಮಾಡಿದೆ. ಆದರೆ ಆ ಮಾತು ಹೋಗಲಿಲ್ಲ. ಹೋದ ವಾರ ಅವಳ ಮುಂದೆ ಹೋಗಿ ಕೂತು, ಗುಳಿಗೆ ಬದಲಿಸಿದ್ದನ್ನು ಹೇಳಿದೆ. ತಿಳಿಯದೆ ಮಾಡಿದೆ ಅನ್ನುವ ಹಾಗೆ ಹೇಳಿದೆ. ಅವಳು ಹಾಗೇ ನಂಬಿದಳು. ಡಾಕ್ಟರ ಕಡೆ ಹೋಗೋಣವೇ ಅಂದದ್ದಕ್ಕೆ, ನೋಡೋಣ ಅಂದಿದ್ದಾಳೆ. ಹೋಗುತ್ತಾಳೋ, ಬಿಡುತ್ತಾಳೋ —

ಇನ್ನು ಅವಳಿಗೆ ಹೇಳದೆ ಉಳಿದ ಅರ್ಧ. ಭಾಗಿ, ಇದನ್ನು ತಿದ್ದಬೇಡ. ಅಕ್ಷರ ತಪ್ಪಿದ್ದರೂ ಹಾಗೇ ಇರಲಿ.

ಆ ಸಂಜೆ ನಾನು ಡಬ್ಬಿಯನ್ನು ಒಲೆಗೆ ಹಾಕಲಿಲ್ಲ. ಮರುದಿನ ಬೆಳಿಗ್ಗೆ, ನೀನು ದನಕ್ಕೆ ನೀರು ಇಡಲು ಹೋಗಿದ್ದಾಗ, ಬಾಗಿಲ ಬೆಳಕಿಗೆ ಕೂತು ಗುಳಿಗೆಗಳನ್ನು ಸೆರಗಿನ ಮೇಲೆ ಸುರಿದೆ. ನನ್ನ ಗುಳಿಗೆಯ ನಡುವೆ ಸಣ್ಣದೊಂದು ಗೆರೆ ಇರುತ್ತದೆ, ನಿನ್ನದಕ್ಕೆ ಇರಲಿಲ್ಲ. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಉಗುರಿನಿಂದ ಒಂದೊಂದೇ ಮುಟ್ಟಿ ನೋಡಿ, ನಿನ್ನವನ್ನು ಬೇರೆ ಮಾಡಿದೆ, ನನ್ನವನ್ನು ಬೇರೆ ಮಾಡಿದೆ. ನನ್ನವನ್ನು ಒಲೆಗೆ ಹಾಕಿದೆ. ನಿನ್ನವು ಕೆಲವು ಉಳಿದಿದ್ದವು. ಅವನ್ನು ಎಲೆ ಅಡಿಕೆಯ ಚಂಚಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡೆ. ಒಂದನ್ನು ಕೈಯಲ್ಲಿ ಇಟ್ಟುಕೊಂಡೆ.

ನೀನು ಒಳಗೆ ಬಂದೆ. ನಾನು ಹೊಸ ಸೀರೆ ಉಟ್ಟದ್ದು ನೋಡಿ ನೀನೇ ನೆರಿಗೆ ಸರಿ ಮಾಡಿದೆ. ನೀನೇ ತಂಬಿಗೆಯಲ್ಲಿ ನೀರು ತಂದುಕೊಟ್ಟೆ.

"ಗುಳಗಿ ತೊಗೊಂಡೇನ ಬೇ ಆಯಿ? ದೂರ ಹೊಂಟೀದಿ."

"ಈಗ ತೊಗೋತೀನಿ," ಅಂದೆ.

ನಿನ್ನ ಮುಂದೆಯೇ ನುಂಗಿದೆ. ಬಸ್ಸಿಗೆ ಹೊತ್ತಾಗಿತ್ತು. ಬಬಲೇಶ್ವರಕ್ಕೆ ಹೋದೆ, ಚೆನ್ನಾಗಿಯೇ ಮಾತಾಡಿದೆ.